ಒಂದೇ ಕವಳಿ ಮಟ್ಟಿ, ನಾಲ್ಕು ಹದದ ಹಣ್ಣು: ಒಂದು ಪ್ರಕರಣ ಅಧ್ಯಯನ

ಶಿರಸಿ, ಸಿದ್ದಾಪುರ, ಸಾಗರದ ಬೇಣಗಳಿಗೆ (ಹುಲ್ಲು, ಪೊದೆಗಳ ಬಯಲು) ಮೇ ಮೂರನೆಯ ವಾರ ಕವಳಿ ಕೊಯ್ಯಲು ಹೋದವರಿಗೆಲ್ಲ ಎದುರಾಗುವ ಪರಿಸ್ಥಿತಿ ಇದು. ಆಳೆತ್ತರದ ಒಂದೇ ಮಟ್ಟಿ, ಅಂದರೆ ಪೊದೆ. ಅದರ ಒಂದೇ ಕೊಂಬೆಯಲ್ಲಿ ಕಪ್ಪಾಗಿ ಕಳಿತ ಹಣ್ಣು, ಕೆಂಪಡರಿದ ದೋರೆ (ಅರೆಮಾಗಿದ ಕಾಯಿ), ಬಲಿತ ಹಸಿರು ಕಾಯಿ, ಇನ್ನೂ ಬಟಾಣಿ ಗಾತ್ರದ ಮಿಡಿ. ಎಷ್ಟೋ ಸಲ ಒಂದೇ ಗೊಂಚಲಿನ ನಾಲ್ಕು ಕಾಯಿಗಳೇ ಮೂರು ಬಣ್ಣದಲ್ಲಿರುತ್ತವೆ. ಅರ್ಧ ಅಡಿ ಕೆಂಪು ಮಣ್ಣು, ಅದರಡಿ ಜಂಬಿಟ್ಟಿಗೆ ಹಾಸು, ನೀರು ಹಾಯಿಸುವವರಿಲ್ಲ, ಗೊಬ್ಬರವಿಲ್ಲ. ನೆಲ, ಮಳೆ, ಗಾಳಿ ಎಲ್ಲವೂ ಒಂದೇ ಆಗಿರುವಾಗ ಹಣ್ಣಿಗೇಕೆ ಬೇರೆ ಬೇರೆ ದಿನ?

‘ಬಿಸಿಲು ಬಿದ್ದದ್ದು ಬೇಗ ಹಣ್ಣಾಯಿತು, ನೆರಳಿನದ್ದು ತಡವಾಯಿತು’ ಎಂಬುದು ಸಾಮಾನ್ಯ ಉತ್ತರ. ಅದು ಸುಳ್ಳಲ್ಲ, ಆದರೆ ಸಣ್ಣ ಪಾಲು. ಬಿಸಿಲಿನ ವ್ಯತ್ಯಾಸ ದಿನಗಳಷ್ಟು. ಈ ಮಟ್ಟಿಯ ಮೊದಲ ಹಣ್ಣಿಗೂ ಕೊನೆಯ ಹಣ್ಣಿಗೂ ಇರುವ ಅಂತರ ವಾರಗಳಷ್ಟು. ಆ ವಾರಗಳು ಎಲ್ಲಿಂದ ಬಂದವು ಎಂದು ತಿಳಿಯಬೇಕಾದರೆ ಹಣ್ಣನ್ನು ಬಿಟ್ಟು ಜನವರಿಯ ಹೂವಿಗೆ ಹೋಗಬೇಕು.

ಮೊದಲು: ಇದು ನಿಜಕ್ಕೂ ಒಂದೇ ಗಿಡವೇ?

ಕವಳಿಯ ವಿಷಯದಲ್ಲಿ ಇದನ್ನು ನೋಡದೆ ಮುಂದುವರಿಯುವಂತಿಲ್ಲ. ಪುನುಗುಬೆಕ್ಕು, ಕರಡಿ, ನರಿಗಳು ಈ ಹಣ್ಣನ್ನು ಹೊಟ್ಟೆ ತುಂಬ ತಿಂದು ಬೀಜಗಳನ್ನು ಒಂದೇ ಕಡೆ ಹಿಕ್ಕೆಯಲ್ಲಿ ಹಾಕುತ್ತವೆ. ಹೀಗೆ ಒತ್ತೊತ್ತಾಗಿ ಹುಟ್ಟಿದ ಎರಡು ಮೂರು ಸಸಿಗಳು ಮುಳ್ಳು ಹೆಣೆದುಕೊಂಡು ಬೆಳೆದು ಹೊರನೋಟಕ್ಕೆ ಒಂದೇ ಮಟ್ಟಿಯಾಗುತ್ತವೆ. ಬೀಜದಿಂದ ಬಂದ ಪ್ರತಿ ಗಿಡದ ಗುಣ ಬೇರೆ. ಒಂದು ಬೇಗ ಹೂ ಬಿಡಬಹುದು, ಇನ್ನೊಂದು ತಡವಾಗಿ. ಅದನ್ನು ಒಂದೇ ಗಿಡದ ಏರುಪೇರು ಎಂದುಕೊಂಡರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಬುಡದ ಒಣ ಎಲೆ ಸರಿಸಿ, ಕಾಂಡಗಳು ಮಣ್ಣಿಗೆ ಇಳಿಯುವ ಜಾಗದಲ್ಲಿ ನಾಲ್ಕು ಬೆರಳು ಕೆದಕಿ ನೋಡಬೇಕು. ಎಲ್ಲ ಕಾಂಡಗಳೂ ಒಂದೇ ಬುಡಗಂಟಿನಿಂದ ಹೊರಟಿದ್ದರೆ ಅದು ಒಂದೇ ಗಿಡ. ಬೇರೆ ಬೇರೆಯಾಗಿ ಇಳಿದಿದ್ದರೆ ಒಂದು ಕಾಂಡಕ್ಕೆ ಬಟ್ಟೆ ಕಟ್ಟಿ, ಅದರಿಂದ ಹೊರಟ ಕೊಂಬೆಗಳನ್ನಷ್ಟೇ ಗಮನಿಸುವುದು. ಎಲೆಯ ಗಾತ್ರ, ಹೂವಿನ ಕೊಳವೆಯ ಗುಲಾಬಿ ಛಾಯೆ, ಕಾಯಿಯ ಆಕಾರ (ದುಂಡು ಅಥವಾ ಮೊಟ್ಟೆಯಾಕಾರ) ಕೊಂಬೆಯಿಂದ ಕೊಂಬೆಗೆ ಎದ್ದು ಕಾಣುವಂತೆ ಬದಲಾಗಿದ್ದರೂ ಅನುಮಾನ ಪಡಬೇಕು. ಇಲ್ಲಿ ವಿವರಿಸುತ್ತಿರುವುದು ಒಂದೇ ಬುಡದ ಮಟ್ಟಿಯನ್ನು.

ಹೂವಿನ ಸರದಿ

ಕವಳಿ ಕಣಗಿಲೆಯ ಕುಟುಂಬದ್ದು. ಸಸ್ಯಶಾಸ್ತ್ರದಲ್ಲಿ ಕ್ಯಾರಿಸ್ಸಾ ಕರಾಂಡಾಸ್. ತುಳುವರು ಕರಂಡೆ ಎನ್ನುತ್ತಾರೆ. ಸದಾ ಹಸಿರಾಗಿರುವ ಗಿಡ, ಎಲ್ಲಿ ಚಿವುಟಿದರೂ ಬಿಳಿ ಸೊನೆ. ಮಲೆನಾಡಿನಲ್ಲಿ ಜನವರಿಯಿಂದ ಮಾರ್ಚ್‌ವರೆಗೆ, ಕೆಲವು ಕೊಂಬೆಗಳಲ್ಲಿ ಏಪ್ರಿಲ್‌ಗೂ, ಬಿಳಿ ನಕ್ಷತ್ರದಂಥ ಹೂ ಬಿಡುತ್ತದೆ. ಹೂವಿನಿಂದ ಹಣ್ಣಿಗೆ ಸುಮಾರು ಮೂರರಿಂದ ನಾಲ್ಕು ತಿಂಗಳು. ಹೂವೇ ಎರಡು ಮೂರು ತಿಂಗಳ ಉದ್ದಕ್ಕೂ ಬಂದಿದೆ ಎಂದಮೇಲೆ ಹಣ್ಣು ಒಂದೇ ವಾರದಲ್ಲಿ ಬರುವುದು ಸಾಧ್ಯವೇ ಇಲ್ಲ.

ಹೂ ಹೀಗೆ ಕಂತುಗಳಲ್ಲಿ ಬರುವುದಕ್ಕೆ ಗಿಡದ ಕಟ್ಟಡವೇ ಕಾರಣ. ಕವಳಿಯ ಕೊಂಬೆ ಹಿಡಿದು ತುದಿಯಿಂದ ಬುಡದ ಕಡೆಗೆ ನೋಡಿದರೆ ಉದ್ದಕ್ಕೂ ಎರಡೆರಡಾಗಿ ಕವಲೊಡೆದಿರುವುದು ಕಾಣುತ್ತದೆ. ಚಿಗುರು ಸ್ವಲ್ಪ ದೂರ ಬೆಳೆದು ತುದಿಯಲ್ಲಿ ಹೂಗೊಂಚಲು ಹೊತ್ತರೆ ಆ ತುದಿಯ ಬೆಳವಣಿಗೆ ಅಲ್ಲಿಗೆ ಮುಗಿಯಿತು. ಅದರ ಕೆಳಗಿನ ಗೆಣ್ಣಿನ ಎರಡು ಮೊಗ್ಗುಗಳು ಎದ್ದು ಮುಂದುವರಿಯುತ್ತವೆ. ಅವು ಬೆಳೆದು ತಮ್ಮ ತುದಿಯಲ್ಲಿ ಮತ್ತೆ ಹೂ ಹೊರುತ್ತವೆ. ಆದ್ದರಿಂದ ಒಂದೇ ಕೊಂಬೆಯಲ್ಲಿ ಹಳೆಯ ಕವಲಿನ ಗೊಂಚಲು ಮೊದಲ ಸರದಿಯದ್ದು, ಹೊಸ ಕವಲಿನದ್ದು ನಂತರದ್ದು. ಎಲ್ಲ ಕವಲುಗಳೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ದನ ಮೇಯ್ದ ಅಥವಾ ಸೊಪ್ಪಿಗೆಂದು ಸವರಿದ ಕಡೆ ಚಿಗುರು ತಡವಾಗಿ ಬಂದಿರುತ್ತದೆ, ಅಲ್ಲಿಯ ಹೂವೂ ತಡ. ಮೇ ತಿಂಗಳಲ್ಲಿ ಮಿಡಿಯೇ ತುಂಬಿರುವ ಕೊಂಬೆ ಕಂಡರೆ ಅದರ ಬುಡದ ಕಡೆ ಹಿಂದಿನ ವರ್ಷದ ಕತ್ತಿಯ ಗಾಯ ಇದೆಯೇ ಎಂದು ನೋಡಿ. ಬಹಳ ಸಲ ಇರುತ್ತದೆ.

ಎರಡನೆಯ ಸರದಿ ಗೊಂಚಲಿನ ಒಳಗಿನದ್ದು. ಕವಳಿಯ ಗೊಂಚಲಿನಲ್ಲಿ ನಡುವಿನ ತುದಿ ಹೂ ಮೊದಲು ಅರಳುತ್ತದೆ, ಅದರ ಅಕ್ಕಪಕ್ಕದ ಮೊಗ್ಗುಗಳು ಆಮೇಲೆ, ಅವುಗಳ ಬದಿಯವು ಇನ್ನೂ ಆಮೇಲೆ. ಹಾಗಾಗಿ ಗೊಂಚಲಿನಲ್ಲಿ ಮೊದಲು ಕೆಂಪಾಗುವುದು ಸಾಮಾನ್ಯವಾಗಿ ನಡುವಿನ ಕಾಯಿ. ಬೇಲಿಸಾಲಿನ ಲಂಟಾನದಲ್ಲಿ ಇದು ತಿರುವುಮುರುವು: ಅಲ್ಲಿ ಹೂದಲೆಯ ಹೊರಸುತ್ತು ಮೊದಲು ಅರಳಿ ಒಳಗೆ ಸಾಗುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಹಣ್ಣಿನ ಸರದಿ ಹೂವಿನ ಸರದಿಯನ್ನೇ ಅನುಸರಿಸುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹೂವಿನ ಅಂತರ ಹಣ್ಣಿಗೆ ಬರುವಷ್ಟರಲ್ಲಿ ಹಾಗೇ ಉಳಿಯುವುದಿಲ್ಲ ಎಂಬುದನ್ನೂ ಸೇರಿಸಬೇಕು. ಜನವರಿಯಲ್ಲಿ ಕಚ್ಚಿದ ಕಾಯಿ ತಂಪು ರಾತ್ರಿಗಳಲ್ಲಿ ನಿಧಾನ ಬೆಳೆಯುತ್ತದೆ. ಮಾರ್ಚ್‌ನಲ್ಲಿ ಕಚ್ಚಿದ್ದು ಏಪ್ರಿಲ್–ಮೇ ಬಿಸಿಯಲ್ಲಿ ವೇಗವಾಗಿ ಬೆಳೆದು ಅಂತರವನ್ನು ಸ್ವಲ್ಪ ಕಡಿಮೆ ಮಾಡಿಕೊಳ್ಳುತ್ತದೆ. ಅದಕ್ಕೇ ಮೇ ಎರಡನೆಯ, ಮೂರನೆಯ ವಾರಗಳಲ್ಲಿ ಒಮ್ಮೆಗೇ ಹಣ್ಣಿನ ಸುಗ್ಗಿ ಬಂದಂತೆ ಕಾಣುತ್ತದೆ. ಏಪ್ರಿಲ್‌ನಲ್ಲಿ ಕಚ್ಚಿದವಕ್ಕೆ ಆ ಅದೃಷ್ಟವಿಲ್ಲ. ಅವು ಬಲಿಯುವ ಹೊತ್ತಿಗೆ ಜೂನ್ ಮೋಡ ಕವಿದು, ಬಿಸಿಲು ಇಳಿದು, ಹುಳಿ ಹುಳಿಯಾಗಿಯೇ ಉಳಿದು ಮಳೆಗೆ ಕೊಳೆತು ಉದುರುತ್ತವೆ.

ಬೀಜದ ಲೆಕ್ಕ

ಒಂದೇ ದಿನ ಅರಳಿದ ಎರಡು ಹೂಗಳ ಕಾಯಿಗಳೂ ಬೇರೆ ಬೇರೆ ದಿನ ಹಣ್ಣಾಗುವುದುಂಟು. ಆಗ ನೋಡಬೇಕಾದ್ದು ಬೀಜ.

ಕವಳಿ ಹೂವಿನ ಕೊಳವೆ ಸುಮಾರು ಎರಡು ಸೆಂಟಿಮೀಟರ್ ಉದ್ದ, ಸಪೂರ, ಪರಿಮಳ ಗಾಢ. ಉದ್ದ ನಾಲಿಗೆಯ ಪತಂಗಗಳಿಗೆ ಹೊಂದುವ ರಚನೆ ಇದು. ಅಂಡಾಶಯದಲ್ಲಿ ಎರಡು ಕೋಣೆ, ಒಂದೊಂದರಲ್ಲೂ ಕೆಲವೇ ಅಂಡಕ. ಬಂದ ಪರಾಗ ಎಷ್ಟು ಅಂಡಕಗಳನ್ನು ಮುಟ್ಟಿತು ಎಂಬುದು ಹೂವಿನಿಂದ ಹೂವಿಗೆ ಬದಲಾಗುತ್ತದೆ. ಒಂದೂ ಫಲಿಸದಿದ್ದರೆ ಹೂ ಉದುರುತ್ತದೆ. ಒಂದೆರಡು ಫಲಿಸಿದರೆ ಸಣ್ಣ, ಕೆಲವೊಮ್ಮೆ ಒಂದು ಬದಿ ಸೊಟ್ಟಗಿನ ಕಾಯಿ. ಹೆಚ್ಚು ಫಲಿಸಿದರೆ ತುಂಬಿದ ಕಾಯಿ.

ಬೆಳೆಯುವ ಬೀಜ ಸುಮ್ಮನೆ ಕುಳಿತಿರುವುದಿಲ್ಲ. ಅದು ಆಕ್ಸಿನ್, ಜಿಬ್ಬರೆಲಿನ್ ಎಂಬ ಹಾರ್ಮೋನುಗಳನ್ನು ತಯಾರಿಸುತ್ತದೆ. ಅವು ತಿರುಳನ್ನು ಬೆಳೆಸುತ್ತವೆ, ಎಲೆಗಳಲ್ಲಿ ತಯಾರಾದ ಸಕ್ಕರೆಯನ್ನು ತಮ್ಮ ಕಾಯಿಯ ಕಡೆ ಎಳೆಯುತ್ತವೆ, ಬೀಜ ಬಲಿಯುವ ತನಕ ಕಾಯಿ ಮಾಗದಂತೆಯೂ ತಡೆಯುತ್ತವೆ. ಬೀಜ ಬಲಿತು ಅದರ ಸಿಪ್ಪೆ ಗಟ್ಟಿಯಾದಮೇಲೆ ಆ ತಡೆ ಸಡಿಲವಾಗುತ್ತದೆ. ಆಮೇಲೆ ಮಾಗಿಸುವ ಕಡೆಯ ಹಾರ್ಮೋನುಗಳ ಕೈ ಮೇಲಾಗಿ ಹಸಿರು ಪತ್ರಹರಿತ್ತು ಕರಗುತ್ತದೆ, ಕೆಂಪು–ನೇರಳೆಯ ಆಂಥೋಸಯನಿನ್ ತುಂಬುತ್ತದೆ, ಆಮ್ಲ ಇಳಿಯುತ್ತದೆ, ಸೊನೆ ಮತ್ತು ಒಗರು ತಗ್ಗುತ್ತವೆ, ಕೋಶಗಳನ್ನು ಅಂಟಿಸಿದ್ದ ಪೆಕ್ಟಿನ್ ಒಡೆದು ತಿರುಳು ಮೆತ್ತಗಾಗುತ್ತದೆ. ಕಾಯಿ ಹಣ್ಣಾಗಲು ಅಪ್ಪಣೆ ಒಳಗಿನ ಬೀಜದಿಂದ ಬರಬೇಕು.

ಇಲ್ಲಿಯೇ ಇನ್ನೊಂದು ಪ್ರಶ್ನೆಗೂ ಉತ್ತರವಿದೆ. ಬಾಳೆಗೊನೆಯಲ್ಲಿ ಒಂದು ಹಣ್ಣಾದರೆ ಅದರ ಎಥಿಲೀನ್ ಅನಿಲ ಉಳಿದವನ್ನೂ ಹಣ್ಣು ಮಾಡುತ್ತದಲ್ಲ, ಕವಳಿಯಲ್ಲಿ ಪಕ್ಕದ ಕಪ್ಪು ಹಣ್ಣು ಹಸಿರು ಕಾಯಿಯನ್ನೇಕೆ ಮಾಗಿಸುವುದಿಲ್ಲ? ಬಾಳೆಗೊನೆಯನ್ನು ಮುಚ್ಚಿದ ಕೋಣೆಯಲ್ಲೋ ಹೊಗೆಗೂಡಿನಲ್ಲೋ ಇಡುತ್ತಾರೆ. ಬೇಣದ ಗಾಳಿಯಲ್ಲಿ ಅನಿಲ ಒಂದು ಕಡೆ ನಿಲ್ಲುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಬಲಿಯದ ಕಾಯಿಗೆ ಯಾವ ಅನಿಲ ತಾಗಿದರೂ ಅದು ಸರಿಯಾಗಿ ಮಾಗುವ ಸ್ಥಿತಿಯಲ್ಲಿ ಇರುವುದಿಲ್ಲ. ಎಳೆ ಮಾವಿನ ಮಿಡಿಯನ್ನು ಹುಲ್ಲಿನಲ್ಲಿ ಹೂತರೂ ಹಣ್ಣಾಗದೆ ಸುಕ್ಕಾಗುವುದಕ್ಕೆ ಕಾರಣವೂ ಇದೇ.

ಗೊಂಚಲೊಳಗಿನ ಪೈಪೋಟಿ

ಮೊದಲು ಕಚ್ಚಿದ ಕಾಯಿಗೆ ಇನ್ನೊಂದು ಅನುಕೂಲವೂ ಇದೆ. ಅದರಿಂದ ತೊಟ್ಟಿನ ಮೂಲಕ ಹೊರಹರಿಯುವ ಆಕ್ಸಿನ್, ನಂತರ ಕಚ್ಚಿದ ತಮ್ಮಂದಿರ ಹರಿವನ್ನು ಹಿಂದಿಕ್ಕುತ್ತದೆ. ಹೀಗೆ ಹಿಂದೆ ಬಿದ್ದವು ಉದುರಬಹುದು, ಇಲ್ಲವೇ ನಿಧಾನವಾಗಿ ಬೆಳೆಯಬಹುದು. ಹಲವು ಹಣ್ಣಿನ ಗಿಡಗಳಲ್ಲಿ ತಿಳಿದಿರುವ ಸಂಗತಿ ಇದು. ಕವಳಿಯಲ್ಲಿ ಹತ್ತಾರು ಹೂವಿನ ಗೊಂಚಲು ಕೊನೆಗೆ ಕೆಲವೇ ಕಾಯಿ ಉಳಿಸಿಕೊಳ್ಳುವುದರಲ್ಲಿ ಪರಾಗದ ಕೊರತೆಯ ಜೊತೆ ಇದರ ಕೈಯೂ ಇದೆ.

ಸಕ್ಕರೆಯ ಸರಬರಾಜೂ ಸ್ಥಳೀಯ. ಒಂದು ಗೊಂಚಲಿಗೆ ಮುಖ್ಯವಾಗಿ ಉಣಿಸುವುದು ಅದರ ಹತ್ತಿರದ ಎಲೆಗಳು. ಗೊಂಚಲಿನ ಹಿಂದೆ ಆರೋಗ್ಯವಂತ ಎಲೆಗಳಿರುವ ಕವಲಿನ ಕಾಯಿ ಸಮಯಕ್ಕೆ ಬಲಿಯುತ್ತದೆ. ಎಲೆ ಹುಳ ತಿಂದು ಬೋಳಾದ ಕವಲಿನಲ್ಲಿ ಕಾಯಿ ತುಂಬಿದ್ದರೆ ಅವು ಸಣ್ಣದಾಗಿಯೇ ಉಳಿದು ಹುಳಿಯಾಗಿಯೇ ಬಣ್ಣ ತಿರುಗುತ್ತವೆ. ಮಟ್ಟಿಯ ಇನ್ನೊಂದು ತುದಿಯಲ್ಲಿ ಎಲೆ ಎಷ್ಟೇ ದಟ್ಟವಾಗಿದ್ದರೂ ಇಲ್ಲಿಗೆ ಪ್ರಯೋಜನ ಅಷ್ಟಕ್ಕಷ್ಟೆ.

ಬಿಸಿಲು, ನೀರು: ಎರಡನೆಯ ಸಾಲಿನ ಕಾರಣಗಳು

ಬಿಸಿಲಿನ ಬಗ್ಗೆ ಮಾತಾಡುವಾಗ ಯಾವ ಬದಿಯ ಬಿಸಿಲು, ಯಾವ ತಿಂಗಳಲ್ಲಿ ಎಂದು ಕೇಳಬೇಕು. ಶಿರಸಿಯ ಅಕ್ಷಾಂಶ ಸುಮಾರು 14.6 ಡಿಗ್ರಿ ಉತ್ತರ. ಜನವರಿಯಿಂದ ಏಪ್ರಿಲ್ ಕೊನೆಯ ತನಕ ನಡುಹಗಲ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಏಪ್ರಿಲ್ ಕೊನೆಯ ದಿನಗಳಲ್ಲಿ ನೆತ್ತಿಗೆ ಬಂದು, ಮೇ ತಿಂಗಳಲ್ಲಿ ತುಸು ಉತ್ತರಕ್ಕೆ ದಾಟುತ್ತಾನೆ. ಆದ್ದರಿಂದ ಬಯಲಿನ ಮಟ್ಟಿಯ ದಕ್ಷಿಣ, ನೈಋತ್ಯ ಬದಿಯ ಕಾಯಿಗಳಿಗೆ ಬೆಳೆಯುವ ಕಾಲದ ಹೆಚ್ಚಿನ ಬಿಸಿ ಸಿಕ್ಕಿರುತ್ತದೆ. ಅದೇ ದಿನ ಅರಳಿದ ಉತ್ತರ ಬದಿಯ ಹೂವಿಗಿಂತ ಇವು ಕೆಲವು ದಿನ ಮುಂದಿರುತ್ತವೆ. ಮೇ ತಿಂಗಳಲ್ಲಿ ನಿಂತು ‘ಈಗ ಬಿಸಿಲು ಎಲ್ಲ ಬದಿಗೂ ಒಂದೇ ಸಮ ಇದೆಯಲ್ಲ’ ಎಂದರೆ ಹಿಂದಿನ ಮೂರು ತಿಂಗಳ ಲೆಕ್ಕ ಬಿಟ್ಟಂತೆ.

ಬಣ್ಣದ ವಿಷಯದಲ್ಲಿ ಬಿಸಿಲು ಕಣ್ಣಿಗೆ ಮೋಸವನ್ನೂ ಮಾಡುತ್ತದೆ. ಬೆಳಕು ತಾಗಿದ ಸಿಪ್ಪೆಯಲ್ಲಿ ಆಂಥೋಸಯನಿನ್ ಬೇಗ ಕಾಣಿಸಿಕೊಳ್ಳುತ್ತದೆ. ಬಲಿಯದ ಕಾಯಿಯ ಬಿಸಿಲ ಕೆನ್ನೆ ಮಾತ್ರ ಕೆಂಪಾಗಿ, ಹಿಂಬದಿ ಹಸಿರಾಗಿಯೇ ಇರುವುದು ಸಾಮಾನ್ಯ. ಇದನ್ನು ದೋರೆ ಎಂದು ಕೊಯ್ದರೆ ಸಿಗುವುದು ಒಗರು ಕಾಯಿ. ತೊಟ್ಟಿನ ಸುತ್ತಲಿನ ಬಣ್ಣ ನೋಡಬೇಕು. ಅಲ್ಲಿಯೂ ಹಸಿರು ಕಳೆದು ಕೆಂಪು ಬಂದಿದ್ದರೆ ಅದು ನಿಜವಾದ ದೋರೆ.

ನೀರಿನ ಹಂಚಿಕೆ ಕಣ್ಣಿಗೆ ಕಾಣುವುದಿಲ್ಲ, ಆದರೆ ಜಂಬಿಟ್ಟಿಗೆ ನೆಲದಲ್ಲಿ ಅದು ತುಂಬ ಅಸಮ. ಹಾಸುಗಲ್ಲಿನ ಬಿರುಕಿನಲ್ಲಿ ಮಣ್ಣು ತುಂಬಿದ ಕಡೆ ಬೇರು ಆಳಕ್ಕೆ ಇಳಿದಿರುತ್ತದೆ, ಬರೀ ಕಲ್ಲಿನ ಕಡೆ ಮೇಲ್ಮೈಯಲ್ಲೇ ಹರಿದಿರುತ್ತದೆ. ಒಣನೆಲದ ಅನೇಕ ಪೊದೆಗಳಲ್ಲಿ ಒಂದು ಕಡೆಯ ಬೇರು ಬಹುಪಾಲು ಅದೇ ಕಡೆಯ ಕೊಂಬೆಗಳಿಗೆ ನೀರು ಕೊಡುತ್ತದೆ. ಇಡೀ ಗಿಡಕ್ಕೆ ಸಮನಾಗಿ ಹಂಚಿಕೆಯಾಗುವುದಿಲ್ಲ. ಒಣ ಬದಿಯ ಕಾಯಿ ಸಣ್ಣದಾಗಿ ಬೇಗ ಬಣ್ಣ ತಿರುಗುತ್ತದೆ. ನೀರಿರುವ ಬದಿಯದ್ದು ಗಾತ್ರ ಹೆಚ್ಚಿಸಿಕೊಳ್ಳುತ್ತ ಇನ್ನಷ್ಟು ದಿನ ಹಸಿರಾಗಿರುತ್ತದೆ. ಏಪ್ರಿಲ್–ಮೇ ತಿಂಗಳ ಒಂದು ದೊಡ್ಡ ಅಡ್ಡಮಳೆ ಈ ವ್ಯತ್ಯಾಸವನ್ನು ತಾತ್ಕಾಲಿಕವಾಗಿ ಅಳಿಸುತ್ತದೆ: ಹಣ್ಣುಗಳು ಉಬ್ಬುತ್ತವೆ, ಸಿಹಿ ತೆಳುವಾಗುತ್ತದೆ, ಪೂರ್ತಿ ಕಪ್ಪಾದವು ತೊಟ್ಟಿನ ಬಳಿ ಬಿರಿಯುತ್ತವೆ. ಅಂಥ ಮಳೆಯ ಮರುದಿನ ಕೊಯ್ದ ಹಣ್ಣು ಸಂಜೆಗೇ ನೀರು ಬಿಡುತ್ತದೆ. ಎರಡು ಒಣ ದಿನ ಕಾಯುವುದು ಒಳ್ಳೆಯದು.

ಸುಳ್ಳು ಹಣ್ಣು

ಉಳಿದವಕ್ಕಿಂತ ಬಹಳ ಮೊದಲೇ, ಏಪ್ರಿಲ್ ಆರಂಭದಲ್ಲಿ, ಅಲ್ಲೊಂದು ಇಲ್ಲೊಂದು ಕೆಂಪಾಗುವ ಕಾಯಿಗಳನ್ನು ‘ಮೊದಲ ಹಣ್ಣು’ ಎಂದು ಸಂಭ್ರಮಿಸುವ ಮುನ್ನ ಕತ್ತರಿಸಿ ನೋಡಬೇಕು. ಇವುಗಳಲ್ಲಿ ಹಲವು ಪೆಟ್ಟು ತಿಂದವು. ಹುಳು ಒಳಹೊಕ್ಕು ಬೀಜ ತಿಂದಿದ್ದರೆ ಎರಡು ಘಟನೆ ಒಟ್ಟಿಗೆ ನಡೆಯುತ್ತವೆ. ಮಾಗದಂತೆ ತಡೆಯುತ್ತಿದ್ದ ಬೀಜ ಹೋಯಿತು; ಗಾಯಗೊಂಡ ಕೋಶಗಳಿಂದ ಎಥಿಲೀನ್ ಹೊರಟಿತು. ಕಾಯಿ ಅಕಾಲದಲ್ಲಿ ಬಣ್ಣ ತಿರುಗಿ ಉದುರುತ್ತದೆ. ಗುರುತು: ಸಿಪ್ಪೆಯ ಮೇಲೆ ಸೂಜಿಮೊನೆಯಷ್ಟು ಕಪ್ಪು ಚುಕ್ಕಿ, ಸುತ್ತ ಒಣಗಿದ ಸೊನೆ, ಒಳಗೆ ಕಂದು ಪುಡಿ ಅಥವಾ ಟೊಳ್ಳು ಬೀಜ. ಮುರಿದು ಜೋತುಬಿದ್ದ ಕೊಂಬೆಯಲ್ಲೂ ಕಾಯಿಗಳೆಲ್ಲ ಒಟ್ಟಿಗೆ ಕೆಂಪಾಗುತ್ತವೆ. ಅಲ್ಲಿ ಸಿಪ್ಪೆ ಸುಕ್ಕಾಗಿರುತ್ತದೆ, ತೊಟ್ಟು ಒಣಗಿರುತ್ತದೆ. ಈ ಎರಡೂ ಬಗೆಯನ್ನು ಲೆಕ್ಕದಿಂದ ಹೊರಗಿಡದೆ ಮಟ್ಟಿಯ ಮಾಗುವ ಅವಧಿ ಹೇಳಿದರೆ ಅದು ಇಲ್ಲದಷ್ಟು ಉದ್ದವಾಗಿ ಕಾಣುತ್ತದೆ.

ಹಕ್ಕಿ ಉಳಿಸಿದ್ದು ಮಾತ್ರ ನಮಗೆ ಕಾಣುತ್ತದೆ

ಮಟ್ಟಿಯ ಮುಂದೆ ನಿಂತು ‘ಹಸಿರೇ ಹೆಚ್ಚು, ಕಪ್ಪು ಕಡಿಮೆ’ ಎಂದು ಎಣಿಸುವವರು ಬೆಳಗಿನ ಕೊಯ್ಲುಗಾರರನ್ನು ಮರೆಯುತ್ತಾರೆ. ಪಿಕಳಾರ, ಕುಟುರ, ಕೋಗಿಲೆಗಳು ಹೊತ್ತು ಮೂಡುವಾಗಲೇ ಬಂದು ಕಪ್ಪು ಹಣ್ಣನ್ನು ಆರಿಸಿಕೊಂಡಿರುತ್ತವೆ. ಪಿಕಳಾರದ ಬಾಯಿಗೆ ಸಣ್ಣ ಹಣ್ಣು ಮಾತ್ರ ಇಡಿಯಾಗಿ ಹಿಡಿಸುತ್ತದೆ, ದೊಡ್ಡದನ್ನು ಕುಕ್ಕಿ ತಿರುಳು ತಿನ್ನುತ್ತದೆ. ಕೋಗಿಲೆ ದೊಡ್ಡದನ್ನೂ ನುಂಗಬಲ್ಲದು. ಗಿಡದಲ್ಲಿ ಉಳಿದದ್ದು ಹಕ್ಕಿ ಬಿಟ್ಟದ್ದು. ಮಾಗಿದ್ದೆಲ್ಲದರ ಲೆಕ್ಕ ಅಲ್ಲಿಲ್ಲ. ಗಿಡದ ನಿಜವಾದ ವೇಳಾಪಟ್ಟಿ ಬೇಕಿದ್ದರೆ ಕೆಲವು ಗೊಂಚಲುಗಳಿಗೆ ಬಲೆಚೀಲ ಕಟ್ಟಲೇಬೇಕು.

ಹೇಗೆ ಎಂಬ ಪ್ರಶ್ನೆ ಇಲ್ಲಿಗೆ ಬಹುಮಟ್ಟಿಗೆ ತೀರಿತು. ಗಿಡಕ್ಕೆ ಇದರಿಂದ ಏನು ಲಾಭ ಎಂಬುದು ಬೇರೆ ಪ್ರಶ್ನೆ, ಎರಡನ್ನೂ ಬೆರೆಸಬಾರದು. ಎಲ್ಲ ಹಣ್ಣೂ ಒಂದೇ ದಿನ ಕಪ್ಪಾದರೆ ಆ ದಿನ ಬಂದ ಹಕ್ಕಿಗಳ ಹೊಟ್ಟೆ ತುಂಬಿದಮೇಲೆ ಉಳಿದದ್ದೆಲ್ಲ ಗಿಡದ ಬುಡಕ್ಕೇ ಬೀಳುತ್ತದೆ. ದಿನಕ್ಕೆ ಸ್ವಲ್ಪ ಸ್ವಲ್ಪ ಕಪ್ಪಾದರೆ ಅವೇ ಹಕ್ಕಿಗಳು ಮತ್ತೆ ಮತ್ತೆ ಬಂದು ಬೀಜವನ್ನು ಬೇರೆ ಬೇರೆ ಕಡೆ ಒಯ್ಯುತ್ತವೆ. ಕಪ್ಪಿನ ಪಕ್ಕದ ಕೆಂಪು ದೋರೆ ದೂರದಿಂದ ಹಕ್ಕಿಯ ಕಣ್ಣಿಗೆ ಬೀಳಲು ನೆರವಾಗುತ್ತದೆ ಎಂಬ ವಿಚಾರವನ್ನೂ ಪರಿಸರ ವಿಜ್ಞಾನಿಗಳು ಮುಂದಿಟ್ಟಿದ್ದಾರೆ.

ಕವಳಿಗೆ ಇವೆಲ್ಲಕ್ಕಿಂತ ಬಲವಾದ ಕಾರಣ ಮುಂಗಾರು ಇರಬೇಕು ಎಂಬುದು ಇಲ್ಲಿಯ ಅಭಿಪ್ರಾಯ. ಕವಳಿ ಬೀಜ ಬಹಳ ದಿನ ಜೀವ ಹಿಡಿದುಕೊಳ್ಳುವುದಿಲ್ಲ. ಏಪ್ರಿಲ್ ಕೊನೆಗೆ ಬಿದ್ದ ಬೀಜ ಕಾದ ಜಂಬಿಟ್ಟಿಗೆಯ ಮೇಲೆ ಒಣಗಿ ಸಾಯಬಹುದು. ಮಳೆ ಹಿಡಿದ ಮೇಲೆ ಮಾಗಿದ್ದು ಗಿಡದಲ್ಲೇ ಕೊಳೆಯಬಹುದು. ಮುಂಗಾರು ಕೇರಳಕ್ಕೆ ಬರುವ ವಾಡಿಕೆಯ ದಿನ ಜೂನ್ 1 ಆದರೂ ವರ್ಷದಿಂದ ವರ್ಷಕ್ಕೆ ಅದು ಹಿಂದೆ ಮುಂದೆ ಆಗುತ್ತದೆ. ಒಂದೇ ದಿನಕ್ಕೆ ಎಲ್ಲ ಬೀಜ ಪಣಕ್ಕಿಟ್ಟ ಗಿಡ ತಪ್ಪಿದ ವರ್ಷ ಎಲ್ಲವನ್ನೂ ಕಳೆದುಕೊಳ್ಳುತ್ತದೆ. ಐದಾರು ವಾರ ಹರಡಿಕೊಂಡ ಗಿಡದ ಒಂದಷ್ಟು ಬೀಜವಾದರೂ ಪ್ರತಿ ವರ್ಷ ಸರಿಯಾದ ಹಸಿಗೆ ಸಿಗುತ್ತದೆ.

ಪಕ್ಕದ ಕಾಫಿ ತೋಟ ಏನು ಹೇಳುತ್ತದೆ

ಚಿಕ್ಕಮಗಳೂರು, ಕೊಡಗಿನ ಬೆಳೆಗಾರರಿಗೆ ಇದರ ಇನ್ನೊಂದು ಮುಖ ಚೆನ್ನಾಗಿ ಗೊತ್ತು. ಕಾಫಿ ಗಿಡದ ಮೊಗ್ಗು ಒಣಹವೆಯಲ್ಲಿ ಒಂದು ಹಂತಕ್ಕೆ ಬಂದು ನಿದ್ದೆಯಲ್ಲಿ ನಿಂತಿರುತ್ತದೆ. ಫೆಬ್ರವರಿಯಿಂದ ಏಪ್ರಿಲ್ ನಡುವೆ ಒಂದು ಒಳ್ಳೆಯ ಹೂಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತದೆ. ಹೂ ಒಟ್ಟಿಗೆ ಬಂದುದರಿಂದ ಹಣ್ಣೂ ಹೆಚ್ಚುಕಡಿಮೆ ಒಟ್ಟಿಗೆ. ಮಳೆ ಕಂತುಕಂತಾಗಿ ಅರೆಬರೆ ಬಿದ್ದ ವರ್ಷ ಹೂವೂ ಕಂತು, ಹಣ್ಣೂ ಕಂತು. ಆಗ ಅರೇಬಿಕಾವನ್ನು ಫ್ಲೈ ಪಿಕಿಂಗ್‌ನಿಂದ (ಮೊದಲು ಹಣ್ಣಾದವನ್ನಷ್ಟೇ ಆರಿಸುವ ಸುತ್ತು) ಆರಂಭಿಸಿ ಮೂರು ನಾಲ್ಕು ಸುತ್ತು ಕೊಯ್ಯಬೇಕಾಗುತ್ತದೆ, ಕೂಲಿಯ ಖರ್ಚು ಏರುತ್ತದೆ. ರೊಬಸ್ಟಾ ಬೆಳೆಗಾರರು ಸ್ಪ್ರಿಂಕ್ಲರ್ ಹಾಯಿಸಿ ಹೂವನ್ನು ಒಂದೇ ದಿನಕ್ಕೆ ತರುವುದು ಇದೇ ತಿಳಿವಳಿಕೆಯಿಂದ.

ಕವಳಿಯ ಮೊಗ್ಗು ಹಾಗೆ ಒಂದು ಮಳೆಗಾಗಿ ಕಾದು ನಿಲ್ಲುವುದಿಲ್ಲ. ಕವಲು ಬೆಳೆದಂತೆ ಬೆಳೆದಂತೆ ಹೂ ಬರುತ್ತದೆ. ಎಲ್ಲಕ್ಕೂ ಒಂದೇ ಗಂಟೆ ಬಾರಿಸುವ ವ್ಯವಸ್ಥೆ ಇಲ್ಲದ ಗಿಡಕ್ಕೆ ನೀರು ಹಾಯಿಸಿ ಒಟ್ಟಿಗೆ ಹಣ್ಣು ಮಾಡಿಸುತ್ತೇನೆ ಎಂದು ಹೊರಟರೆ ಕಾಯಿ ದಪ್ಪವಾದೀತು, ಸರದಿ ಮಾತ್ರ ಅಳಿಯದು.

ನಿಮ್ಮ ಮಟ್ಟಿಯಲ್ಲೇ ಪರೀಕ್ಷಿಸುವ ಕ್ರಮ

ಬೇಕಾದ್ದು ನಾಲ್ಕು ಬಣ್ಣದ ಉಣ್ಣೆದಾರ, ನೈಲಾನ್ ಸೊಳ್ಳೆಪರದೆಯ ತುಂಡಿನಿಂದ ಹೊಲಿದ ಒಂದು ಗೇಣು ಉದ್ದದ ಚೀಲಗಳು, ಒಂದು ವರ್ನಿಯರ್ ಅಳತೆಗೋಲು, ಪುಸ್ತಕ. ಹತ್ತಿದಾರ ಬೇಡ, ಮಳೆಗೆ ಬಣ್ಣ ಬಿಟ್ಟು ಗುರುತು ಕೆಡುತ್ತದೆ.

ಜನವರಿಯಲ್ಲಿ ಮೊದಲ ಹೂ ಕಂಡ ವಾರದಿಂದ, ಆ ವಾರ ನಡುಹೂ ಅರಳಿದ ಗೊಂಚಲುಗಳ ತೊಟ್ಟಿಗೆ ಒಂದು ಬಣ್ಣದ ದಾರ ಸಡಿಲವಾಗಿ ಕಟ್ಟುವುದು. ಬಿಗಿದರೆ ತೊಟ್ಟು ದಪ್ಪವಾದಾಗ ದಾರ ಕೊಯ್ದು ಕಾಯಿ ಉದುರುತ್ತದೆ, ಅದು ನೀವೇ ತಂದ ಸುಳ್ಳು ಹಣ್ಣಾಗುತ್ತದೆ. ಎರಡು ವಾರಕ್ಕೊಮ್ಮೆ ಬಣ್ಣ ಬದಲಿಸಿ, ಒಂದೊಂದು ಬಣ್ಣಕ್ಕೂ ದಕ್ಷಿಣ ಬದಿಯಲ್ಲಿ ಐದು, ಉತ್ತರ ಬದಿಯಲ್ಲಿ ಐದು ಗೊಂಚಲು. ಕಾಯಿ ಕಚ್ಚಿದಮೇಲೆ ಪ್ರತಿ ಐದರಲ್ಲಿ ಎರಡಕ್ಕೆ ಬಲೆಚೀಲ. ಹೂವಿರುವಾಗಲೇ ಚೀಲ ಕಟ್ಟಿದರೆ ಪತಂಗ ಒಳಬರದೆ ಕಾಯಿಯೇ ಕಚ್ಚುವುದಿಲ್ಲ. ಹೊಸಬರು ಹೆಚ್ಚು ಎಡವುವುದು ಇಲ್ಲೇ. ಏಪ್ರಿಲ್‌ನಿಂದ ವಾರಕ್ಕೆರಡು ಸಲ ಪ್ರತಿ ಕಾಯಿಯ ಅಡ್ಡಳತೆ ಮತ್ತು ತೊಟ್ಟಿನ ಬಳಿಯ ಬಣ್ಣ ಬರೆದಿಡುವುದು. ಕಪ್ಪಾದದ್ದನ್ನು ಕೊಯ್ದು ಬೀಜ ಎಣಿಸುವುದು.

ಓದುವ ಬಗೆ ಹೀಗೆ. ಒಂದೇ ಬಣ್ಣದ ದಾರದ ಗೊಂಚಲುಗಳು ಹತ್ತಿರ ಹತ್ತಿರ ಮಾಗಿ, ಬೇರೆ ಬಣ್ಣದವು ದೂರ ದೂರ ಮಾಗಿದರೆ ಹೂವಿನ ದಿನವೇ ಮುಖ್ಯ ಕಾರಣ. ಒಂದೇ ಬಣ್ಣದೊಳಗೆ ದಕ್ಷಿಣ–ಉತ್ತರ ಅಂತರ ಕಂಡರೆ ಅದು ಬಿಸಿಯ ಪಾಲು. ಒಂದೇ ಬಣ್ಣ, ಒಂದೇ ಬದಿ, ಆದರೂ ಚದುರಿದ್ದರೆ ಬೀಜದ ಎಣಿಕೆ ಮತ್ತು ಹುಳುವಿನ ಗುರುತು ನೋಡಿ. ಚೀಲದ ಗೊಂಚಲಿನಲ್ಲಿ ಕಪ್ಪು ಕೂಡಿಕೊಂಡು, ಚೀಲವಿಲ್ಲದ್ದರಲ್ಲಿ ಕಾಣದಿದ್ದರೆ ಆ ಅಂತರ ಹಕ್ಕಿಗಳ ಪಾಲು.

ಕೊಯ್ಲಿಗೆ ಇದರಿಂದಾಗುವ ಬದಲಾವಣೆ

ಒಂದೇ ದಿನ ಇಡೀ ಮಟ್ಟಿಯನ್ನು ಬಡಿದು ಉದುರಿಸುವುದು ಕವಳಿಗೆ ಮಾಡುವ ಅನ್ಯಾಯ. ಬುಟ್ಟಿಯಲ್ಲಿ ನಾಲ್ಕು ಹದ ಬೆರೆತು ಯಾವುದಕ್ಕೂ ಪೂರ್ತಿ ಒದಗುವುದಿಲ್ಲ. ಹದದ ಪ್ರಕಾರ ನಾಲ್ಕು ಸುತ್ತಿಗೆ ಹೋಗುವುದು ಸರಿ.

ಉಪ್ಪಿನಕಾಯಿಗೆ ಮಾರ್ಚ್ ಕೊನೆಯಿಂದ ಏಪ್ರಿಲ್ ನಡುವಿನ ತನಕ, ಉಗುರಿನಿಂದ ಒತ್ತಿದರೆ ಒಳಬೀಜವೂ ಕತ್ತರಿಸುವ ಎಳೆಮಿಡಿ. ಕಿಲೊ ಮಿಡಿಗೆ ಸುಮಾರು ಕಾಲು ಕಿಲೊ ಕಲ್ಲುಪ್ಪು. ಕೊಯ್ಯುವ ಮುನ್ನ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡರೆ ಸೊನೆ ಅಂಟುವುದಿಲ್ಲ. ತೊಟ್ಟು ತೆಗೆದ ಮಿಡಿಯನ್ನು ಎರಡು ಮೂರು ನೀರಿನಲ್ಲಿ ತೊಳೆದು ನೆರಳಲ್ಲಿ ಪೂರ್ತಿ ಆರಿಸಬೇಕು. ಬಿಸಿಲ ಕೆನ್ನೆಯ ಕೆಂಪು ಕಾಯಿಗಳು ಒಂದೆರಡು ಸೇರಿದರೂ ಚಿಂತೆಯಿಲ್ಲ, ನಿಜವಾದ ದೋರೆ ಸೇರಬಾರದು. ಅದು ಮೆತ್ತಗಾಗಿ ಉಪ್ಪುನೀರನ್ನು ಗುಲಾಬಿ ಮಾಡುತ್ತದೆ, ಜಾಡಿ ಹುದುಗುತ್ತದೆ.

ಜೆಲ್ಲಿಗೆ ಮಾತ್ರ ಹದ ಬೆರೆತಿರುವುದೇ ಅನುಕೂಲ. ಪೆಕ್ಟಿನ್ ಹೆಚ್ಚಿರುವುದು ದೋರೆಯಲ್ಲಿ, ಬಣ್ಣ ಮತ್ತು ಪರಿಮಳ ಕಪ್ಪು ಹಣ್ಣಿನಲ್ಲಿ. ಮೂರು ಪಾಲು ದೋರೆಗೆ ಒಂದು ಪಾಲು ಕಪ್ಪು. ಸೀಳಿ, ಮುಳುಗುವಷ್ಟೇ ನೀರು ಹಾಕಿ, 20–25 ನಿಮಿಷ ಕುದಿಸಿ, ಹಿಂಡದೆ ಬಟ್ಟೆಯಲ್ಲಿ ಸೋಸಬೇಕು. ಹಿಂಡಿದರೆ ಜೆಲ್ಲಿ ಕದಡುತ್ತದೆ. ಒಂದು ಲೋಟ ರಸಕ್ಕೆ ಮುಕ್ಕಾಲು ಲೋಟ ಸಕ್ಕರೆ. ಸಮುದ್ರಮಟ್ಟದಲ್ಲಿ ಪಾಕ 105 ಡಿಗ್ರಿ ಸೆಲ್ಸಿಯಸ್‌ಗೆ ನಿಲ್ಲಿಸುವುದಾದರೆ, ಸುಮಾರು 600 ಮೀಟರ್ ಎತ್ತರದ ಶಿರಸಿಯಲ್ಲಿ 103ಕ್ಕೇ ಇಳಿಸಬೇಕು, ಯಾಕೆಂದರೆ ಅಲ್ಲಿ ನೀರು ಕುದಿಯುವುದೇ ಎರಡು ಡಿಗ್ರಿ ಕೆಳಗೆ. ಬರೀ ಕಪ್ಪು ಹಣ್ಣಿನ ರಸ ಎಷ್ಟು ಕುದಿಸಿದರೂ ಜೆಲ್ಲಿಯಾಗದೆ ಪಾನಕವಾಗಿಯೇ ಉಳಿಯುವುದು ಪೆಕ್ಟಿನ್ ಒಡೆದುಹೋಗಿರುವುದರಿಂದ. ಪಾತ್ರೆ ಸ್ಟೀಲಿನದಿರಲಿ, ಕಬ್ಬಿಣದ ಬಾಣಲೆ ರಸವನ್ನು ಕಪ್ಪಾಗಿಸಿ ರುಚಿ ಕೆಡಿಸುತ್ತದೆ.

ತಿನ್ನುವುದಕ್ಕೆ, ಮುಟ್ಟಿದರೆ ತೊಟ್ಟು ಬಿಡುವ ಪೂರ್ತಿ ಕಪ್ಪು ಹಣ್ಣು ಮಾತ್ರ. ಖಾನಾಪುರ, ಧಾರವಾಡದ ಸಂತೆಗಳಿಗೆ ಹಣ್ಣು ಒಯ್ಯುವವರು ದಾರಿಯ ಬಾಳಿಕೆಗಾಗಿ ಕಡುಗೆಂಪು ಹದದಲ್ಲಿ ಕೊಯ್ಯಬೇಕಾಗುತ್ತದೆ. ಕೊಯ್ದಮೇಲೂ ಅದು ಕಪ್ಪಾಗುತ್ತದೆ, ಮೆತ್ತಗಾಗುತ್ತದೆ. ಆದರೆ ಎಲೆಯಿಂದ ಬರುವ ಸಕ್ಕರೆ ತೊಟ್ಟು ಕಳಚಿದಲ್ಲೇ ನಿಂತಿತು, ಹಾಗಾಗಿ ಗಿಡದಲ್ಲೇ ಕಪ್ಪಾದದ್ದರ ಸಿಹಿ ಬರುವುದಿಲ್ಲ. ಬೆಳಗಿನ ಇಬ್ಬನಿ ಆರಿದಮೇಲೆ, ಬಿಸಿಲೇರುವ ಮೊದಲು ಕೊಯ್ದು ಅಗಲವಾದ ಬುಟ್ಟಿಯಲ್ಲಿ ತೆಳುವಾಗಿ ಹರಡಿದರೆ ಎರಡು ಮೂರು ದಿನ ತಡೆಯುತ್ತದೆ.

ಕೊನೆಯ ಸುತ್ತು ಬೀಜಕ್ಕೆ. ಸಸಿ ಮಾಡುವವರು ಮೇ ಕೊನೆಯ ಕಳಿತ ಹಣ್ಣುಗಳನ್ನು, ಬೇರೆ ಬೇರೆ ಮಟ್ಟಿಗಳಿಂದ, ಪ್ರತಿಯೊಂದರ ಬೇಗದ ಮತ್ತು ತಡದ ಕವಲುಗಳೆರಡರಿಂದಲೂ ಆರಿಸಬೇಕು. ತಿರುಳು ತೊಳೆದು, ತೇಲುವ ಜೊಳ್ಳನ್ನು ಚೆಲ್ಲಿ, ಮುಳುಗಿದ ಬೀಜವನ್ನು ನೆರಳಿನಲ್ಲಿ ಒಂದು ದಿನ ಮಾತ್ರ ಆರಿಸಿ, ಅರ್ಧ ಇಂಚು ಆಳದಲ್ಲಿ ಕೂಡಲೇ ಬಿತ್ತುವುದು. ಮುಂದಿನ ಬೇಸಿಗೆಗೆಂದು ಡಬ್ಬಿಯಲ್ಲಿಟ್ಟ ಬೀಜ ಮೊಳೆಯುವುದನ್ನು ನೆಚ್ಚುವಂತಿಲ್ಲ. ಪ್ರತಿ ಮಟ್ಟಿಯಲ್ಲಿ ಮೂರನೆಯ ಒಂದು ಪಾಲು ಕಪ್ಪು ಹಣ್ಣು ಹಕ್ಕಿಗಳಿಗೆ ಉಳಿಯಲಿ. ಬೇಣದಲ್ಲಿ ಹೊಸ ಮಟ್ಟಿ ಹುಟ್ಟಿಸುವವು ಅವೇ.